ಒಂದು ಇಂಚು ನಿದ್ದೆ

ನಮ್ಮ ಕೊಡಗಿನವರಿಗೆ ಮಳೆ ಅಳೆಯುವ ಚಟವಿದೆ. ಬೇರೆ ಕಡೆ ಜನ ಎದುರಾದರೆ ‘ಊಟ ಆಯ್ತಾ?’ ಎಂದು ಕೇಳುತ್ತಾರಂತೆ. ನಮ್ಮಲ್ಲಿ ‘ನಿಮ್ಮಲ್ಲಿ ಎಷ್ಟು?’ ಎಂದು ಕೇಳುತ್ತಾರೆ. ಏನು ಎಷ್ಟು ಎಂದು ಯಾರೂ ವಿವರಿಸುವುದಿಲ್ಲ. ‘ಒಂದು ಇಂಚು ಇಪ್ಪತ್ತು ಸೆಂಟ್’ ಎಂದು ಒಬ್ಬರು ಹೇಳಿದರೆ, ‘ಅಯ್ಯೋ, ನಮ್ಮಲ್ಲಿ ಬರೀ ನಲವತ್ತು’ ಎಂದು ಇನ್ನೊಬ್ಬರು ಮುಖ ಸಣ್ಣದು ಮಾಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಮದುವೆ ಮನೆ, ಸಾವಿನ ಮನೆ, ಶನಿವಾರಸಂತೆಯ ಬಸ್ಸು, ಎಲ್ಲಿ ನೋಡಿದರೂ ಇದೇ ಮಾತು. ಪಕ್ಕದ ತೋಟದಲ್ಲಿ ನಮಗಿಂತ ಐದು ಸೆಂಟ್ ಹೆಚ್ಚು ಬಿದ್ದರೆ ಆ ದಿನ ನಮಗೆ ಅನ್ನ ಇಳಿಯುವುದಿಲ್ಲ. ಇಷ್ಟನ್ನು ಮೊದಲೇ ಏಕೆ ಹೇಳಿದೆನೆಂದರೆ, ನಾನು ಮಾಡಿದ ಒಂದು ಪೆದ್ದು ಕೆಲಸವನ್ನು ಮುಂದೆ ಒಪ್ಪಿಕೊಳ್ಳುವುದಿದೆ. ತಪ್ಪು ನನ್ನೊಬ್ಬನದಲ್ಲ, ಸ್ವಲ್ಪ ಊರಿನದೂ ಇದೆ ಎಂದು ನಿಮಗೆ ಗೊತ್ತಿರಲಿ.

ನಾನು ರೈಟರ್. ಮೈಸೂರಿನ ಒಂದು ಮದುವೆಯಲ್ಲಿ ಹೀಗೆ ಪರಿಚಯ ಹೇಳಿಕೊಂಡಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಭಕ್ತಿಯಿಂದ ಕೈ ಹಿಡಿದುಕೊಂಡು, ‘ಏನು ಬರೀತೀರಿ? ಕಥೆಯೋ, ಕವನವೋ?’ ಎಂದರು. ‘ಹಾಜರಿ’ ಎಂದೆ. ಕೈ ಬಿಟ್ಟರು. ಮಾದಾಪುರದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವುದು, ಯಾವ ಬ್ಲಾಕಿನಲ್ಲಿ ಹಣ್ಣಿನ ಪಿಕಿಂಗ್ ಎಂದು ಹೇಳುವುದು, ಬೆಳಿಗ್ಗೆ ಎಂಟಕ್ಕೆ ಮಳೆಮಾಪಕ ನೋಡಿ ಮಳೆ ಪುಸ್ತಕದಲ್ಲಿ ಬರೆದು ಪೇಟೆಯಲ್ಲಿರುವ ಸಾಹುಕಾರರಿಗೆ ಫೋನ್ ಮಾಡುವುದು, ಇಷ್ಟೇ ನನ್ನ ಸಾಹಿತ್ಯ. ಹದಿನೆಂಟು ವರ್ಷಗಳಿಂದ ಒಂದು ದಿನವೂ ತಪ್ಪಿಸಿಲ್ಲ. ಮಳೆ ಬಾರದ ದಿನವೂ ‘ನಿಲ್’ ಎಂದು ಬರೆಯುತ್ತೇನೆ.

ನನ್ನ ಮಗಳು ಗಾನವಿಗೆ ಒಂಬತ್ತು ವರ್ಷ. ಅವಳು ಒಂದು ಕಡೆ ಕೂತದ್ದನ್ನು ನಾವು ನೋಡಿದ್ದೇ ಕಡಿಮೆ. ಒಂದು ಕಾಲಿಗೆ ಸಾಕ್ಸ್ ಹಾಕುವಷ್ಟರಲ್ಲಿ ಕೋಳಿಗೆ ನೀರಿಡುವುದು ನೆನಪಾಗಿ ಓಡುತ್ತಿದ್ದಳು; ಅಲ್ಲಿಂದ ಬರುವ ದಾರಿಯಲ್ಲಿ ಇರುವೆ ಸಾಲು ಸಿಕ್ಕರೆ ಶಾಲೆಯ ಬಸ್ಸು ಹೋದ ಹಾಗೆಯೇ. ತರಗತಿಯಲ್ಲಿ ಪಾಠ ಒಂದನೇ ಸಾಲಿನಲ್ಲಿದ್ದರೆ ಇವಳು ಕಿಟಕಿಯಲ್ಲಿ. ಬುದ್ಧಿ ಇಲ್ಲವೆಂದಲ್ಲ, ಬುದ್ಧಿಗೆ ನಿಲ್ಲಲು ಪುರುಸೊತ್ತಿರಲಿಲ್ಲ. ಕೊನೆಗೆ ಟೀಚರ್ ಹೇಳಿದ ಮೇಲೆ ಮೈಸೂರಿನ ಮಕ್ಕಳ ಡಾಕ್ಟರೊಬ್ಬರ ಹತ್ತಿರ ಹೋದೆವು. ಅವರು ಎರಡು ಮೂರು ಸಲ ಕರೆಸಿ, ಆಡಿಸಿ, ಮಾತಾಡಿಸಿ, ಎಡಿಎಚ್‌ಡಿ ಎಂದರು. ಬೆಳಿಗ್ಗೆ ತಿಂಡಿಯ ಜೊತೆ ಒಂದು ಮಾತ್ರೆ, ಮಧ್ಯಾಹ್ನ ಅರ್ಧ. ನಮ್ಮ ಅವ್ವ ಹುಟ್ಟಿದ್ದು ಕೊಡಗು ಬೇರೆ ರಾಜ್ಯವಾಗಿದ್ದಾಗ. ರಾಜ್ಯ ಹೋಗುವಾಗ ಅವಳಿಗೆ ಐದೋ ಆರೋ ವರ್ಷ. ಆದರೂ ಅದನ್ನು ತಾನೇ ಆಳಿದವಳ ಹಾಗೆ ಮಾತಾಡುತ್ತಾಳೆ. ‘ಕೊಡಗು ರಾಜ್ಯ ಇದ್ದಾಗ ಇಂಥ ಕಾಯ್ಲೆ ಇತ್ತೇನೋ? ಮೈಸೂರಿಗೆ ಸೇರ್ಸಿದ್ರಲ್ಲ, ಆಮೇಲೆ ಒಂದೊಂದಾಗಿ ಬಂದ್ವು ಕಣೋ’ ಎಂದಳು.

ಮಾತ್ರೆ ಶುರುವಾದ ನಾಲ್ಕನೇ ದಿನ ಗಾನವಿ ಬ್ಯಾಗನ್ನೂ ಇಳಿಸದೆ ಬಂದು ನೋಟ್ ಪುಸ್ತಕ ನನ್ನ ಮೂಗಿನ ಮುಂದೆ ಹಿಡಿದಳು. ‘ಅಪ್ಪ, ನೋಡು. ಪೂರ್ತಿ ಪುಟ. ಮಧ್ಯ ಎದ್ದೇ ಇಲ್ಲ.’ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅವಳದೇ ಅಕ್ಷರ. ನನ್ನ ಹೆಂಡತಿ ಸುಮಾ ಆ ಪುಟವನ್ನು ಕೈಯಲ್ಲಿ ಹಿಡಿದುಕೊಂಡೇ ಸಾರಿಗೆ ಒಗ್ಗರಣೆ ಹಾಕಿದಳು. ‘ಈಗ ತಲೇಲಿ ಗಲಾಟೆ ಕಮ್ಮಿ ಅಪ್ಪ’ ಎಂದಳು ಗಾನವಿ. ಇಷ್ಟು ವರ್ಷ ಗಲಾಟೆ ಮಾಡುತ್ತಿದ್ದವಳು ಇವಳೆಂದು ಬೈದಿದ್ದೆವಲ್ಲ, ಗಲಾಟೆಯೊಳಗೆ ಇದ್ದವಳೂ ಇವಳೇ ಎಂದು ನಮಗೆ ಹೊಳೆದಿರಲಿಲ್ಲ.

ಆದರೆ ಮಾತ್ರೆ ಪುಟವನ್ನು ಕೊಟ್ಟು ನಿದ್ದೆಯನ್ನು ತೆಗೆದುಕೊಂಡಿತು. ಡಾಕ್ಟರ್ ಮೊದಲೇ ಹೇಳಿದ್ದರು: ‘ಕೆಲವು ಮಕ್ಕಳಿಗೆ ನಿದ್ದೆ ತಡ ಆಗುತ್ತೆ. ಇವಳ ವಯಸ್ಸಿಗೆ ಹತ್ತು ಗಂಟೆ ನಿದ್ದೆ ಬೇಕು. ಯಾವಾಗ ಮಲಗಿದಳು, ಯಾವಾಗ ಎದ್ದಳು, ಬರೆದಿಟ್ಟುಕೊಂಡು ಬನ್ನಿ. ತೀರಾ ಕಮ್ಮಿಯಾದರೆ ಮಾತ್ರೆ ವಿಷಯ ಮತ್ತೆ ಯೋಚಿಸೋಣ.’ ಎಂಟೂವರೆಗೆ ಹಾಸಿಗೆಗೆ ಹೋದವಳು ಹತ್ತೂವರೆಯಾದರೂ ಕಣ್ಣು ಬಿಟ್ಟುಕೊಂಡು ಹೆಂಚು ಎಣಿಸುತ್ತಿದ್ದಳು. ಒಂದು ಮಾತಿಲ್ಲ, ಕತೆಯಿಲ್ಲ.

ಇಲ್ಲಿ ನನ್ನ ಒಂದು ಗುಟ್ಟು ಹೇಳಬೇಕು. ಅವಳ ನಿದ್ದೆಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ಮಾತಿಲ್ಲದಿರುವುದು. ಮಾತ್ರೆಗೆ ಮೊದಲು ರಾತ್ರಿ ಅವಳ ಕೋಣೆಗೆ ಮಲಗಿಸಲು ಹೋದರೆ ಅವಳು ನನ್ನ ಪಕ್ಕ ಮಲಗಿ, ನನ್ನ ಕಿವಿಯನ್ನು ಹಿಡಿದುಕೊಂಡು, ಆ ದಿನದ ಸಮಾಚಾರವೆಲ್ಲ ಒಪ್ಪಿಸುತ್ತಿದ್ದಳು. ‘ಅಪ್ಪ, ಆ ಬಿಳಿ ಕೋಳಿ ಇದ್ಯಲ್ಲ, ಅದು ನನ್ನ ಪೆನ್ಸಿಲ್ ತಗೊಂಡು…’ ಅಷ್ಟಕ್ಕೇ ನಿಲ್ಲುತ್ತಿತ್ತು. ಮಾತಿನ ಮಧ್ಯದಲ್ಲೇ ಮಗು ನಿದ್ದೆಗೆ ಜಾರಿಬಿಡುತ್ತಿತ್ತು. ಆ ಕೋಳಿ ಪೆನ್ಸಿಲನ್ನು ಏನು ಮಾಡಿತೆಂದು ನನಗೆ ಇವತ್ತಿಗೂ ತಿಳಿಯದು. ಅಂಥ ಅರ್ಧರ್ಧ ವಾಕ್ಯಗಳು ಸಾವಿರ ಇದ್ದಾವು. ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಅವನ್ನು ನೆನಪಿಸಿಕೊಳ್ಳುತ್ತಿದ್ದೆ. ನನಗೆ ಆ ಮಗು ಬೇಕು, ಕಿವಿ ಹಿಡಿದು ಮಾತಾಡುತ್ತಾ ಮಲಗುವ ಮಗು ಬೇಕು ಎಂದು ಮನಸ್ಸು ಹಟ ಹಿಡಿಯುತ್ತಿತ್ತು. ನೋಟ್ ಪುಸ್ತಕದ ಪೂರ್ತಿ ಪುಟವೂ ಬೇಕು. ಎರಡನ್ನೂ ಕೇಳುವುದು ದುರಾಸೆಯೆಂದು ಗೊತ್ತಿದ್ದರೂ ಆಸೆ ಬಿಡಲಿಲ್ಲ.

ಬರೆದಿಡಿ ಎಂದರಲ್ಲ, ಬರೆಯುವುದು ನನ್ನ ಕಸುಬು. ಫೆಬ್ರವರಿಯಲ್ಲಿ ಮಳೆ ಪುಸ್ತಕಕ್ಕೆ ಕೆಲಸವಿರುವುದಿಲ್ಲ, ಪುಟದ ತುಂಬಾ ನಿಲ್, ನಿಲ್. ಅದರ ಪಕ್ಕದಲ್ಲೇ ಒಂದು ಗೆರೆ ಎಳೆದು ಮಗಳ ನಿದ್ದೆಯನ್ನು ಬರೆಯತೊಡಗಿದೆ. ಹತ್ತು ಗಂಟೆಗೆ ಒಂದು ಇಂಚು. ಗಂಟೆಗೆ ಹತ್ತು ಸೆಂಟ್. ಗಂಟೆ, ನಿಮಿಷ ಎಂದರೆ ನನಗೆ ತಲೆಗೆ ಹೋಗುವುದಿಲ್ಲ, ಸೆಂಟಿನಲ್ಲಿ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಮೊದಲ ವಾರ ಅರವತ್ತು, ಅರವತ್ತೈದು, ಐವತ್ತೈದು. ಬರಗಾಲ. ಕಾಲು ಗಂಟೆಗೊಮ್ಮೆ ಟಾರ್ಚ್ ಹಿಡಿದು ಅವಳ ಕೋಣೆಗೆ ಹೋಗಿ, ಬಗ್ಗಿ, ‘ನಿದ್ದೆ ಬಂತಾ ಮಗಳೇ?’ ಎಂದು ಮೆಲ್ಲಗೆ ಕೇಳುತ್ತಿದ್ದೆ. ‘ಬಂದಿದ್ರೆ ಬಂತು ಅಂತ ಹೇಗೆ ಹೇಳ್ಲಿ ಅಪ್ಪ?’ ಎಂದಳು ಒಂದು ದಿನ. ಅದೂ ನಿಜವೇ ಎನಿಸಿ ಅಂದಿನಿಂದ ಕೇಳುವುದನ್ನು ಬಿಟ್ಟೆ, ಟಾರ್ಚ್ ಬಿಡಲಿಲ್ಲ.

ಮಾರ್ಚಿನಲ್ಲಿ ಕಾಫಿ ಹೂವಿಗೆ ಒಂದು ಇಂಚು ಮಳೆ ಬೇಕು. ಸಾಹುಕಾರರು ದಿನಾ ಬೆಳಿಗ್ಗೆ ನಾನು ಫೋನ್ ಮಾಡುವುದಕ್ಕೆ ಮೊದಲೇ ತಾವೇ ಮಾಡುತ್ತಿದ್ದರು. ಅಂಥದ್ದೊಂದು ಬೆಳಿಗ್ಗೆ, ನಾನು ನೆಟ್ಟಗೆ ಕಣ್ಣು ಕೂಡ ಬಿಟ್ಟಿರಲಿಲ್ಲ, ‘ರೈಟ್ರೇ, ಎಷ್ಟು?’ ಎಂದರು.

‘ಅರವತ್ತೈದು ಸೆಂಟ್ ಸಾರ್.’

‘ದೇವರು ದೊಡ್ಡವನು! ಒಂದೇ ಸಮ ಬಂತಾ?’

‘ಇಲ್ಲ ಸಾರ್, ಮಧ್ಯ ಎರಡು ಸಲ ಎದ್ದು ನೀರು ಕುಡಿದ್ಲು.’

‘ಯಾರ್ರೀ ನೀರು ಕುಡಿದಿದ್ದು?’ ಎಂದರು. ಎಲ್ಲವನ್ನೂ ಹೇಳಬೇಕಾಯಿತು. ಅಷ್ಟರಲ್ಲಿ ಅವರು, ಮಳೆ ಬಂತಲ್ಲ, ಇನ್ನು ತೋಟಕ್ಕೆ ನೀರು ಹಾಯಿಸುವುದು ಬೇಡವೆಂದು ಇನ್ನೊಂದು ಫೋನಿನಲ್ಲಿ ಸ್ಪ್ರಿಂಕ್ಲರ್ ಪೈಪು ಎತ್ತಿಸಲು ಹೇಳಿಯೂ ಆಗಿತ್ತು. ಆ ಪೈಪುಗಳನ್ನು ಮತ್ತೆ ಜೋಡಿಸುವಾಗ ಆಳುಗಳು ನನ್ನ ಕಡೆ ನೋಡಿ ನಕ್ಕದ್ದನ್ನು ನಾನು ನೋಡಲಿಲ್ಲವೆಂದು ಇಟ್ಟುಕೊಂಡಿದ್ದೇನೆ.

ಆ ದಿನ ಸಂಜೆ ಊಟದ ಹೊತ್ತಿನಲ್ಲಿ ಸಿಟ್ಟಿನಲ್ಲಿ, ‘ಹೀಗೇ ಆದ್ರೆ ಆ ಮಾತ್ರೆ ನಿಲ್ಲಿಸ್ಬೇಕಾಗುತ್ತೆ’ ಎಂದುಬಿಟ್ಟೆ. ಗಾನವಿ ತಟ್ಟೆ ನೋಡುತ್ತಾ ಕೂತಿದ್ದಳು. ಮಾರನೇ ದಿನದಿಂದ ಪವಾಡ! ಎಂಬತ್ತೈದು, ತೊಂಬತ್ತು, ತೊಂಬತ್ತೈದು. ಟಾರ್ಚ್ ಬೆಳಕು ಬಿಟ್ಟರೆ ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಎಂಥಾ ಚಂದದ ನಿದ್ದೆ. ನಾನು ಸುಮಾಳ ಮುಂದೆ ಎದೆಯುಬ್ಬಿಸಿ, ‘ನೋಡು, ಗದರಿಸಿದ್ದು ಕೆಲಸ ಮಾಡ್ತು’ ಎಂದೆ. ಎರಡು ವಾರವಾಗುತ್ತಲೇ ಶಾಲೆಯಿಂದ ಫೋನ್ ಬಂತು. ಮಗು ಎರಡನೇ ಪಿರಿಯಡ್ಡಿನಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಿದೆ, ಎಬ್ಬಿಸಿದರೂ ಏಳುವುದಿಲ್ಲ.

ಮಳೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮೊದಲ ಬಸ್ಸಿಗೆ ಮೂವರೂ ಮೈಸೂರಿಗೆ ಹೋದೆವು. ಡಾಕ್ಟರ್ ಪುಟ ತಿರುವಿ, ‘ತೊಂಬತ್ತು ಸೆಂಟ್… ಇದೇನು, ಜಾಗದ ವಿಷಯವಾ?’ ಎಂದರು. ವಿವರಿಸಿದೆ. ಅವರು ನಗು ತಡೆದುಕೊಂಡು ಗಾನವಿಯ ಕಡೆ ತಿರುಗಿ, ‘ಇಷ್ಟು ಮಲಗಿದ ಮೇಲೂ ಶಾಲೆಯಲ್ಲಿ ನಿದ್ದೆ ಬರುತ್ತಾ ಪುಟ್ಟಿ?’ ಎಂದರು. ಅವಳು ನನ್ನ ಮುಖ ನೋಡಿದಳು, ಅಮ್ಮನ ಸೆರಗು ಹಿಡಿದಳು. ಆಮೇಲೆ ಒಂದೇ ಉಸಿರಿಗೆ, ‘ಅಪ್ಪನ ಟಾರ್ಚ್ ಕಂಡ ತಕ್ಷಣ ಕಣ್ಣು ಮುಚ್ಕೊಳ್ತಿದ್ದೆ. ಪುಸ್ತಕದಲ್ಲಿ ಕಮ್ಮಿ ಬಂದ್ರೆ ಮಾತ್ರೆ ನಿಲ್ಲಿಸ್ತಾರಂತೆ. ನಂಗೆ ಬರೆಯೋಕೆ ಬೇಕು ಆಂಟಿ, ನಿಲ್ಲಿಸ್ಬೇಡಿ’ ಎಂದು ಅತ್ತುಬಿಟ್ಟಳು. ಸುಮಾ ಅವಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು. ಹದಿನೆಂಟು ವರ್ಷದಲ್ಲಿ ನಾನು ಸುಳ್ಳು ಲೆಕ್ಕ ಬರೆದದ್ದು ಅದೊಂದೇ ಸಲ, ಅದನ್ನು ಬರೆಸಿದವನೂ ನಾನೇ. ಅಲ್ಲಿ ತಲೆ ಎತ್ತಲಾಗಲಿಲ್ಲ.

ಡಾಕ್ಟರ್ ಗದರಲಿಲ್ಲ. ಒಂದೊಂದಾಗಿ ಕೇಳುತ್ತಾ ಬಂದರು. ಮಾತ್ರೆ ಎಷ್ಟು ಹೊತ್ತಿಗೆ, ಏಳುವುದು ಎಷ್ಟು ಹೊತ್ತಿಗೆ, ಮೊಬೈಲು ನೋಡುತ್ತಾಳಾ. ‘ಕಾಫಿ, ಟೀ ಏನಾದ್ರೂ ಕೊಡ್ತೀರಾ?’

‘ಛೆ ಛೆ! ಮಕ್ಕಳಿಗೆ ಯಾರಾದ್ರೂ ಕಾಫಿ ಕೊಡ್ತಾರಾ ಮೇಡಂ? ಬೆಲ್ಲದ ಕಾಫಿ ಒಂದು ಬಿಟ್ರೆ ಏನೂ ಇಲ್ಲ’ ಎಂದೆ.

ಅವರ ಪೆನ್ನು ನಿಂತಿತು. ನೀವೇ ಹೇಳಿ, ನಮ್ಮ ಕಡೆ ಹಾಲು, ಸಕ್ಕರೆ ಹಾಕಿದ್ದು ಕಾಫಿ. ಬೆಳಿಗ್ಗೆಯಿಂದ ಒಲೆಯ ಬದಿಯಲ್ಲಿ ಕೂತಿರುವ ಬೆಲ್ಲದ ಕಪ್ಪು ಕಾಫಿ ನೀರಿನ ಲೆಕ್ಕ. ನಾವೆಲ್ಲ ಅದನ್ನು ಕುಡಿದೇ ದೊಡ್ಡವರಾದದ್ದು. ಆದರೆ ಈಗ ಆಗುತ್ತಿದ್ದದ್ದು ಬೇರೆ. ಮಾತ್ರೆಯಿಂದ ಮಧ್ಯಾಹ್ನ ಹಸಿವಾಗದೆ ಡಬ್ಬಿ ಹಾಗೇ ವಾಪಸು ಬರುತ್ತಿತ್ತು. ‘ಕೂಸು ಉಪವಾಸ ಅದೆ’ ಎಂದು ಅವ್ವ ಸಂಜೆ ಐದಕ್ಕೆ ಎರಡು ದೊಡ್ಡ ಲೋಟ ಬೆಲ್ಲದ ಕಾಫಿ ಕುಡಿಸುತ್ತಿದ್ದಳು. ಮಾತ್ರೆ ಕಸಿದುಕೊಂಡ ನಿದ್ದೆ ಕಾಲು ಭಾಗವಾದರೆ ಮಿಕ್ಕದ್ದನ್ನು ಕಸಿದದ್ದು ಅಜ್ಜಿಯ ಪ್ರೀತಿ. ಡಾಕ್ಟರ್ ಮಧ್ಯಾಹ್ನದ ಅರ್ಧ ಮಾತ್ರೆಯನ್ನು ನಿಲ್ಲಿಸಿ ನೋಡೋಣವೆಂದರು, ಬೆಳಗಿನದನ್ನು ಭಾನುವಾರವೂ ಅದೇ ಹೊತ್ತಿಗೆ ಕೊಡಲು ಹೇಳಿದರು. ಕಾಫಿ ಯಾವ ಬಣ್ಣದ್ದೂ ಬೇಡ, ಸಂಜೆ ಹೊಟ್ಟೆ ತುಂಬಾ ಊಟ, ಎಂಟೂವರೆಗೆ ದೀಪ ಆರಿಸಬೇಕು. ‘ಇನ್ನೊಂದು. ನೀವು ಆ ಕೋಣೆಗೆ ಹೋಗ್ಬೇಡಿ. ಅವಳ ಪಾಡಿಗೆ ಅವಳು ಮಲಗ್ಲಿ’ ಎಂದರು.

ಹತ್ತೇ ದಿನ. ಒಂಬತ್ತಕ್ಕೆಲ್ಲ ಅವಳು ನಿಜವಾಗಿ ಮಲಗತೊಡಗಿದಳು. ಶಾಲೆಯಲ್ಲಿ ತೂಕಡಿಕೆ ನಿಂತಿತು, ಪುಟಗಳು ತುಂಬಿದವು. ಅವ್ವ ಮಾತ್ರ, ‘ಕೊಡಗಲ್ಲಿ ಕಾಫಿ ಕುಡೀಬೇಡಿ ಅನ್ನೋ ಡಾಕ್ಟ್ರು, ಮೈಸೂರೋಳೇ ಇರ್ಬೇಕು’ ಎಂದು ವಾರಗಟ್ಟಲೆ ಗೊಣಗಿದಳು. ಎಲ್ಲರಿಗೂ ಬೇಕಾದ್ದು ಸಿಕ್ಕಿತು. ನಾನು ಮುಚ್ಚಿದ ಬಾಗಿಲಿನ ಈಚೆ ಉಳಿದೆ. ಕಿವಿ ಹಿಡಿಯುವವರಿಲ್ಲ, ಅರ್ಧ ವಾಕ್ಯವಿಲ್ಲ. ಮಗಳು ಚೆನ್ನಾಗಿ ಮಲಗುತ್ತಾಳೆಂದು ಸಂಕಟಪಡುವ ಅಪ್ಪ ಲೋಕದಲ್ಲಿ ನಾನೊಬ್ಬನೇ ಇರಬೇಕು.

ತಡೆಯಲಾರದೆ ಒಂದು ಸಂಜೆ ಕೇಳಿಯೇಬಿಟ್ಟೆ. ಜಗಲಿಯ ಒರಗು ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದೆ. ಅವಳು ಮೆಟ್ಟಿಲ ಮೇಲೆ ಕೂತು ನಾಯಿಗೆ ಏನೋ ಹೇಳುತ್ತಿದ್ದಳು. ‘ಗಾನು, ಮೊದಲು ನನ್ನ ಪಕ್ಕ ಮಲಗಿ ಎಷ್ಟು ಮಾತಾಡ್ತಿದ್ದೆ. ಮಾತಿನ ಮಧ್ಯದಲ್ಲೇ ನಿದ್ದೆ ಹೋಗಿಬಿಡ್ತಿದ್ದೆ. ನೆನಪಿದ್ಯಾ?’

‘ನಾನೆಲ್ಲಿ ಅಪ್ಪ? ನೀನು ನಿದ್ದೆ ಹೋಗ್ತಿದ್ದೆ. ಗೊರಕೆ ಶುರುವಾದ್ಮೇಲೆ ನಾನು ಸುಮ್ನಾಗ್ತಿದ್ದೆ.’

‘ಸುಳ್ಳು ಹೇಳ್ಬೇಡ.’

‘ಅಮ್ಮನ್ನ ಕೇಳು ಬೇಕಾದ್ರೆ.’

ಸುಮಾ ಅಡುಗೆಮನೆಯಿಂದ, ‘ನನ್ನ ಯಾಕೆ ಮಧ್ಯ ತರ್ತೀರಾ?’ ಎಂದಳು. ಅಲ್ಲ ಎಂದು ಮಾತ್ರ ಹೇಳಲಿಲ್ಲ.

‘ಸಂಜೆ ಏನ್ ಹೇಳಕ್ಕೆ ಬಂದ್ರೂ ನೀನು ರಾತ್ರಿ ಹೇಳು ಅಂತಿದ್ದೆ’ ಎಂದಳು ಗಾನವಿ. ದೂರಿನ ದನಿಯೇನೂ ಇರಲಿಲ್ಲ, ನಾಯಿಯ ಕಿವಿ ಸವರುತ್ತಾ ಸುಮ್ಮನೆ ಹೇಳುತ್ತಿದ್ದಳು. ‘ರಾತ್ರಿ ಹೇಳಿದ್ರೆ ನೀನು ಮಲಗ್ತಿದ್ದೆ. ಮಿಕ್ಕಿದ್ದು ನಾಳೆ ಹೇಳೋಣ ಅಂತ ನಾನು ಇಟ್ಕೋತಿದ್ದೆ. ನಾಳೆ ನೀನು ಕೇಳ್ತಾನೇ ಇರ್ಲಿಲ್ಲ.’

ಇಷ್ಟು ದಿನ ನಾನು ಹಂಬಲಿಸಿದ್ದು ನನ್ನದೇ ನಿದ್ದೆಗಾಗಿ. ‘ಈಗ ಹೇಳ್ತೀಯಾ?’ ಎಂದೆ.

‘ಎಲ್ಲಾನಾ?’

‘ಎಲ್ಲಾ.’

ಅವಳು ನಾಯಿಯನ್ನು ಬಿಟ್ಟು ಎದ್ದು ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಳಗೆ ಹೋಗಿ ಅಡುಗೆಮನೆಯ ಮರದ ಸ್ಟೂಲನ್ನು ಎಳೆದುಕೊಂಡು ಬಂದಳು. ‘ಒರಗೋ ಕುರ್ಚಿಲಿ ಬೇಡ ಅಪ್ಪ. ಏಳು, ಇದರ ಮೇಲೆ ಕೂತ್ಕೋ’ ಎಂದಳು. ಎದ್ದು ಹೋಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ.