ಕೊಡದೊಳಗಿನ ಕರಿ ಬಿಲ್ಲೆ

ನಮ್ಮ ಮನೆಯಲ್ಲಿ ವಿಜ್ಞಾನಕ್ಕೆ ಬೆಲೆಯಿಲ್ಲ. ಸ್ಟೀಲು ಪಾತ್ರೆಗಳಿಗೆ ಇದೆ. ರಾಣೆಬೆನ್ನೂರಿನ ನಮ್ಮ ಓಣಿಗೆ ನಳ ಬರುವುದು ವಾರಕ್ಕೊಮ್ಮೆ. ಹಿಡಿದಿಟ್ಟ ನೀರು ಕೆಡದಿರಲೆಂದು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ಒಂದು ಮಹಾಸಾಧನವನ್ನು ಸೃಷ್ಟಿಸಿದೆ: ತಾಮ್ರದ ಬಿಲ್ಲೆ, ಅದರ ಮೇಲೆ ಕ್ರಿಮಿಗಳನ್ನು ಕೊಲ್ಲುವ ಕಪ್ಪು ಲೇಪ. (ಈ ಯಜ್ಞದಲ್ಲಿ ಹಾಲಿನ ಪಾತ್ರೆಯೊಂದು ಹುತಾತ್ಮವಾಯಿತು.) ಬಿಲ್ಲೆಯನ್ನು ಅಡುಗೆಮನೆಯ ಕೊಡಕ್ಕೆ ಇಳಿಸಿ, ತಿಂಗಳವರೆಗೆ ಆ ನೀರನ್ನು ಯಾರೂ ಮುಟ್ಟಬಾರದೆಂದು ಹೆಂಡತಿ ಸುನಿತಾಗೆ ಅಪ್ಪಣೆ ಹೊರಡಿಸಿದೆ.

"ಆತು ಬಿಡ್ರಿ," ಎಂದಳು.

ನಾನೂ ಮುಚ್ಚಳ ತೆಗೆದು ನೋಡಲಿಲ್ಲ. ವಿಜ್ಞಾನಿಗೆ ಸಂಯಮ ಮುಖ್ಯ. ತಿಂಗಳು ತುಂಬಿದ ಮೇಲೆ ಸುನಿತಾಳಿಂದಲೇ ಒಂದು ಸೀಸೆ ತುಂಬಿಸಿ, ಧಾರವಾಡದಲ್ಲಿರುವ ನನ್ನ ಗುರುಗಳು ಪ್ರಭುಲಿಂಗಪ್ಪನವರಿಗೆ ಪರೀಕ್ಷೆಗೆ ಕಳಿಸಿದೆ. ಒಂದೇ ಒಂದು ಕ್ರಿಮಿ ಸಿಗಲಿಲ್ಲವಂತೆ. ಅವರು ಭೇಷ್ ಎಂದರೆ ಕಾಲೇಜಿನವರು ನನಗೊಂದು ಪ್ರಯೋಗಾಲಯ ಕೊಡುವವರಿದ್ದರು. ಇಲ್ಲವಾದರೆ ಒಲೆಯ ಪಕ್ಕದ ಮೂಲೆಯೇ ಗತಿ.

ಬಿಲ್ಲೆ ನೋಡಲು ಗುರುಗಳು ಮನೆಗೇ ಬಂದರು. ಬಗಲಲ್ಲಿ ಅವರದೇ ನೀರಿನ ಬಾಟಲಿ. ಸುನಿತಾ ಲೋಟ ತಂದು ಮುಂದಿಟ್ಟಳು.

"ಇದು ಆ ಕೊಡದ್ದೇನು, ಮನೋಹರ?"

"ಹೌದ್ರಿ ಸರ್. ತಿಂಗಳ ಮಟ ಇಟ್ಟ ನೀರು."

"ಇರಲಿ, ನನ್ನ ಕಡೆ ಐತಿ," ಎಂದು ತಮ್ಮ ಬಾಟಲಿ ಎತ್ತಿದರು. ಪರೀಕ್ಷೆ ಮಾಡಿದವರೇ ಕುಡಿಯದಿದ್ದರೆ ಹೇಗೆ? ನನಗೆ ಬೇಜಾರಾಯಿತು.

ಆದರೂ ಠೀವಿಯಿಂದ ಕೊಡದೊಳಗೆ ಕೈ ಹಾಕಿ ಬಿಲ್ಲೆ ತೆಗೆದೆ. ಅದು ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು.

"ಕರಿ ಲೇಪ ಎಲ್ಲಿ ಹೋತೋ?" ಎಂದರು ಗುರುಗಳು.

"ಆ ಕಿಲುಬು ಏನ್ರಿ?" ಸುನಿತಾ ಮುಂದೆ ಬಂದಳು. "ಮೊದಲನೇ ವಾರನ ಹುಣಸಿಹಣ್ಣು ಹಚ್ಚಿ ತಿಕ್ಕಿ ತೆಗದೇನ್ರಿ. ದೊಡ್ಡವರು ನೋಡಾಕ ಬರೋ ಸಾಮಾನು, ಕರ್ರಗ ಇದ್ರ ನನಗ ಅಂತಾರ, ಇವರಿಗಲ್ಲ."

"ಮತ್ತ ನೀರು?" ಎಂದೆ.

"ನಳ ಬಂದಾಗೊಮ್ಮೆ ಹಳೇ ನೀರು ತುಳಸಿ ಗಿಡಕ್ಕ ಚೆಲ್ಲಿ, ಕೊಡ ತಿಕ್ಕಿ, ಕಾಸಿ ಆರಿಸಿದ ನೀರು ತುಂಬೇನಿ. ನಿಮ್ಮ ಬಿಲ್ಲೀನೂ ಮರೀದ ವಾಪಸ್ ಹಾಕೇನಲ್ಲ?"

ಗುರುಗಳು ನನ್ನನ್ನು ನೋಡಲಿಲ್ಲ, ಪ್ರಯೋಗಾಲಯದ ಮಾತನ್ನೂ ಎತ್ತಲಿಲ್ಲ. ಬಾಟಲಿಯನ್ನು ಕೆಳಗಿಟ್ಟು, ಸುನಿತಾ ಇಟ್ಟಿದ್ದ ಲೋಟವನ್ನು ಗಟಗಟನೆ ಬರಿದು ಮಾಡಿದರು.

"ಇನ್ನೊಂದು ಲೋಟ ಕೊಡವಾ ತಂಗಿ," ಎಂದರು.