ಮೂರನೇ ಮಹಡಿಯ ಬಿಯರು

ತೊಂದರೆ ಶುರುವಾದದ್ದು ಒಂದು ಚಮಚ ಸಕ್ಕರೆಯಿಂದ. ಮನೆಯಲ್ಲಿ ಬಿಯರು ಮಾಡುವವರು ಬಾಟಲಿಗೆ ತುಂಬುವಾಗ ಒಂದೊಂದಕ್ಕೂ ಅಳೆದು ಸಕ್ಕರೆ ಹಾಕಬೇಕು. ಒಳಗೆ ಉಳಿದ ಯೀಸ್ಟು ಅದನ್ನು ತಿಂದು ಗ್ಯಾಸು ಬಿಡುತ್ತದೆ, ಆ ಗ್ಯಾಸಿನಿಂದಲೇ ನೊರೆ. ಜರ್ಮನಿಯ ತನ್ನ ಮೂರನೇ ಮಹಡಿಯ ಮನೆಯಲ್ಲಿ ಸ್ಪಂದನಾ ಹಾಗೆ ಹಾಕುತ್ತಿರುವಾಗಲೇ, ಅಲ್ಲಿನದೇ ಇನ್ನೊಂದು ಊರಾದ ಕಾರ್ಲ್ಸ್‌ರುಹೆಯಿಂದ ಮೆಲ್ವಿನ್ ಫೋನ್ ಮಾಡಿದ. ಮಂಗಳೂರಿನ ಮೆಲ್ವಿನ್ ಅವಳ ಗಂಡ ಅನೂಪನ ಗೆಳೆಯ. ಜೀವಮಾನದಲ್ಲಿ ಒಂದು ಲೋಟ ಬಿಯರು ಮಾಡಿದವನಲ್ಲ, ಆದರೆ ಮಾಡುವವರಿಗೆ ಸಲಹೆ ಕೊಡುವುದರಲ್ಲಿ ಎತ್ತಿದ ಕೈ. ಅವನ ಸಲಹೆ ಮುಗಿಯುವ ಹೊತ್ತಿಗೆ ಯಾವ ಬಾಟಲಿಗೆ ಸಕ್ಕರೆ ಬಿದ್ದಿದೆ, ಯಾವುದಕ್ಕೆ ಬಿದ್ದಿಲ್ಲ ಎಂಬುದು ಸ್ಪಂದನಾಗೆ ಮರೆತೇಹೋಗಿತ್ತು. ಅಂದಾಜಿನ ಮೇಲೆ ಮುಂದುವರಿಸಿ, ತಂತಿಯ ಬಿಗಿಮುಚ್ಚಳಗಳನ್ನು ಒತ್ತಿ, ಬಾಟಲಿಗಳನ್ನು ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ ಸಾಲಾಗಿ ಇಟ್ಟು ಬಂದಳು.

ಕೆಲವು ವಾರಗಳ ಮೇಲೆ, ಬಿಲ್ಡಿಂಗಿನವರೆಲ್ಲ ಹಿತ್ತಲಲ್ಲಿ ಸೇರುವ ಬೇಸಿಗೆಯ ಪಾರ್ಟಿಯ ದಿನ ಬೆಳಿಗ್ಗೆ, ನೆಲಮಾಳಿಗೆಯಲ್ಲಿ ಢಂ ಎಂದಿತು.

ಸ್ಪಂದನಾಗೆ ಬಿಯರಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಇದ್ದದ್ದು ಹಠ. ರೇಗನ್ಸ್‌ಬರ್ಗಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಅವಳ ಮಾತಿಗೆ ದೊಡ್ಡ ದೊಡ್ಡ ಯಂತ್ರಗಳು ನಿಲ್ಲುತ್ತಿದ್ದವು, ಓಡುತ್ತಿದ್ದವು. ಮನೆಗೆ ಬಂದರೆ ಮಾತ್ರ ಅವಳು ಒಂದನೇ ಕ್ಲಾಸು. ಯಾವ ಕಸ ಯಾವ ಡಬ್ಬಿಗೆ, ಚಳಿಗಾಲದಲ್ಲಿ ಕಿಟಕಿಯನ್ನು ಎಷ್ಟು ಹೊತ್ತು ತೆರೆದಿಡಬೇಕು, ಬಾಗಿಲನ್ನು ಸದ್ದಾಗದಂತೆ ಹಾಕುವುದು ಹೇಗೆ, ಎಲ್ಲದಕ್ಕೂ ಪಾಠ. ಪಾಠ ಮಾಡುತ್ತಿದ್ದವರು ನೆಲಮಹಡಿಯ ಹೆರ್ ಗ್ರೂಬರ್. ಅಲ್ಲಿ ಗಂಡಸರ ಹೆಸರಿಗೆ ಹೆರ್, ಹೆಂಗಸರ ಹೆಸರಿಗೆ ಫ್ರಾವ್ ಸೇರಿಸುವುದು ಮರ್ಯಾದೆ. ಅವರು ನಿವೃತ್ತ ಡ್ರೈವಿಂಗ್ ಮೇಷ್ಟ್ರು. ಎದುರಿಗಿದ್ದವರು ಯಾರೇ ಆಗಲಿ, ತಮ್ಮ ಕಾಲ ಕೆಳಗೆ ಇನ್ನೊಂದು ಬ್ರೇಕು ಇದೆ ಎನ್ನುವಂತೆ ನೋಡುವುದು ಅವರ ಅಭ್ಯಾಸ.

ಅವಳು ಬಿಯರು ಹುದುಗಿಸುವ ಬಕೆಟ್ಟನ್ನು ಮೆಟ್ಟಿಲ ಮೇಲೆ ಹೊತ್ತು ತರುವಾಗಲೇ ಅವರು ನಿಲ್ಲಿಸಿ ಇದೇನೆಂದು ಕೇಳಿದ್ದರು. ಬಿಯರೆಂದರೆ ಸಾರಲ್ಲ, ಅಂದಾಜಿನ ಮೇಲೆ ಕುದಿಸಿ ಇಳಿಸುವುದಕ್ಕೆ ಎಂದಿದ್ದರು. ಸಾರು ಕೂಡ ಅಂದಾಜಿನ ಮೇಲೆ ಆಗುವುದಿಲ್ಲ ಎಂದು ಸ್ಪಂದನಾ ಉತ್ತರ ಕೊಟ್ಟಿದ್ದಳು. ಪಾರ್ಟಿಯ ಸಂಜೆ ಕುಡಿದು ನೋಡಿ, ಆಮೇಲೆ ಮಾತಾಡೋಣ ಎಂದೂ ಸೇರಿಸಿದ್ದಳು. ಗ್ರೂಬರ್ ಆ ಮಾತನ್ನು ಬಿಲ್ಡಿಂಗಿಗೆಲ್ಲ ಹಂಚಿಬಂದಿದ್ದರು.

ಢಂ ಎಂದ ಸದ್ದಿಗೆ ಎಲ್ಲರೂ ನೆಲಮಾಳಿಗೆಗೆ ಓಡಿದರು. ಗಾಜಿನ ಚೂರು, ಗೋಡೆಯ ಮೇಲೆ ನೊರೆ, ಅದರ ಪಕ್ಕದಲ್ಲೇ ಒಣಹಾಕಿದ್ದ ಎರಡನೇ ಮಹಡಿಯ ಫ್ರಾವ್ ಲಿಂಡ್ನರ್ ಅವರ ಬಿಳಿ ಬೆಡ್‌ಶೀಟುಗಳು. ಈಗ ಅವುಗಳನ್ನು ಬಿಳಿ ಎನ್ನುವಂತಿರಲಿಲ್ಲ. ಆಕೆ ಅಗ್ನಿಶಾಮಕ ದಳದವರನ್ನು ಕರೆಯುವುದು ಒಳ್ಳೆಯದೋ ಪೊಲೀಸರನ್ನೋ ಎಂದು ಯೋಚಿಸುತ್ತಿದ್ದರು. ಗ್ರೂಬರ್ ಬಗ್ಗಿ ಒಂದು ಚೂರನ್ನು ಮೂಸಿ, ಸಕ್ಕರೆ ಎಂದರು, ಯಾವುದೋ ಕೆಟ್ಟ ರೋಗದ ಹೆಸರು ಹೇಳುವವರಂತೆ. ಸಕ್ಕರೆ ಹಾಕುವುದು ಕಾಫಿಗೆ. ಉಳಿದ ಬಾಟಲಿಗಳನ್ನೂ ಈಗಲೇ ಎಸೆಯಬೇಕು, ಪಾರ್ಟಿಗೆ ಬಿಯರು ತಾವೇ ತರುವುದಾಗಿ ಹೇಳಿದರು.

"ಒಂದೂ ಎಸೆಯಲ್ಲ. ಸಂಜೆ ಇದನ್ನೇ ಕುಡೀತೀರಿ" ಎಂದಳು ಸ್ಪಂದನಾ.

ಅನೂಪ್ ಮೆಲ್ವಿನ್‌ಗೆ ಫೋನ್ ಹಚ್ಚಿದ. ಅವನು ಗಂಭೀರವಾಗಿ ಕೇಳಿಸಿಕೊಂಡು, "ಹೆದರ್ಬೇಡಿ ಮಾರಾಯ್ರೆ, ಎಂತದೂ ಆಗುದಿಲ್ಲ. ಮುಚ್ಚಳ ಒಮ್ಮೆ ತೆಗ್ದು ಹಾಕಿದ್ರೆ ಆಯ್ತು. ಮುಖ ಮಾತ್ರ ದೂರ ಇಟ್ಕೊಳ್ಳಿ" ಎಂದ.

ಸ್ಪಂದನಾ ಅನೂಪನ ಸೈಕಲ್ ಹೆಲ್ಮೆಟ್ಟು, ಈಜುವ ಕನ್ನಡಕ, ಚಳಿಗಾಲದ ದಪ್ಪ ಜಾಕೆಟ್ಟು, ಓವನ್ನಿನ ಕೈಗವಸು ಎಲ್ಲ ತೊಟ್ಟು ಬಂದಳು. ಬಾಹ್ಯಾಕಾಶಕ್ಕೆ ಹೊರಟವಳನ್ನು ಬೀಳ್ಕೊಡಲು ಬಂದವರಂತೆ ನೆರೆಯವರು ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ಮೊದಲನೆಯ ಬಾಟಲಿಯ ಮುಚ್ಚಳ ತೆಗೆದಳು. ಏನೂ ಆಗಲಿಲ್ಲ. ಒಂದು ಗುಳ್ಳೆಯೂ ಇಲ್ಲದೆ ಒಳಗಿನದು ತಣ್ಣಗೆ ಮಲಗಿತ್ತು. ಧೈರ್ಯ ಬಂದು ಎರಡನೆಯದನ್ನು ತೆಗೆದಳು. ಒಳಗಿನ ಬಿಯರು ದೀಪಾವಳಿಯ ಬಾಣದಂತೆ ಚಾವಣಿಗೆ ಹೋಗಿ ಅಪ್ಪಳಿಸಿ, ಅಲ್ಲಿಂದ ಫ್ರಾವ್ ಲಿಂಡ್ನರ್ ಅವರ ತಲೆಗೂದಲಿಗೆ ಇಳಿಯಿತು.

ಆಗ ಸ್ಪಂದನಾಗೆ ಎಲ್ಲ ತಿಳಿಯಿತು. ಅರ್ಧ ಬಾಟಲಿಗಳಿಗೆ ಸಕ್ಕರೆ ಎರಡು ಸಲ ಬಿದ್ದಿದೆ, ಉಳಿದರ್ಧಕ್ಕೆ ಬಿದ್ದೇ ಇಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ಆದರೆ ಪರಿಹಾರ ಇದೆ: ಚೆನ್ನಾಗಿ ತಣಿಸಿದರೆ ಗ್ಯಾಸು ಅಡಗಿ ಕೂರುತ್ತದೆ, ಆಮೇಲೆ ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಿ ಮತ್ತೆ ಮುಚ್ಚುತ್ತ ಹೋದರೆ ಹೆಚ್ಚಿನ ಗ್ಯಾಸು ಹೊರಟುಹೋಗುತ್ತದೆ. ಅನೂಪ್ ಮೂಲೆಯ ಸೂಪರ್‌ಮಾರ್ಕೆಟ್ಟಿನಿಂದ ಮಂಜುಗಡ್ಡೆಯ ಚೀಲಗಳನ್ನು ತಂದ. ಇಬ್ಬರೂ ಅದನ್ನು ತಮ್ಮ ಮನೆಯ ಸ್ನಾನದ ತೊಟ್ಟಿಗೆ ಸುರಿದು, ಬಾಟಲಿಗಳನ್ನು ಎಳೆಮಕ್ಕಳಂತೆ ಒಂದೊಂದಾಗಿ ಮಲಗಿಸಿದರು.

ಅಷ್ಟರಲ್ಲಿ ಫ್ರಾವ್ ಲಿಂಡ್ನರ್ ಬೆಡ್‌ಶೀಟುಗಳ ರಾಶಿ ಹಿಡಿದು ಬಾಗಿಲಿಗೆ ಬಂದರು. ಮೆಷಿನ್ನಿಗೆ ಹಾಕುವ ಬಟ್ಟೆಯಲ್ಲ ಅದು, ಅವರ ತಾಯಿಯ ಕಾಲದ ಲಿನನ್ನು, ಕೈಯಲ್ಲೇ ಒಗೆಯಬೇಕು, ತಾವೇ ನಿಂತು ತೋರಿಸಿಕೊಡುವುದಾಗಿ ಹೇಳಿದರು. ಇನ್ನೊಂದು ಪಾಠ. ಸ್ಪಂದನಾ ಹಲ್ಲು ಕಚ್ಚಿ ಹೊರಟಳು. ಹೋಗುವ ಮುನ್ನ ಅನೂಪನಿಗೆ ಹೇಳಿದಳು: "ಒಂದೊಂದೇ ತೆಗಿ. ಟುಸ್ ಅಂದ ತಕ್ಷಣ ಮುಚ್ಚು. ಅವಸರ ಮಾಡ್ಬೇಡ."

"ಅಷ್ಟೂ ಗೊತ್ತಾಗಲ್ವೇನೇ ನಂಗೆ" ಎಂದ ಅನೂಪ್.

ಒಗೆದು, ಹಿಂಡಿ, ಲಿಂಡ್ನರ್ ಅವರಿಂದ ಪಾಸ್ ಅನ್ನಿಸಿಕೊಂಡು ಬರುವಾಗ ಮಧ್ಯಾಹ್ನ ಕಳೆದಿತ್ತು. ಬಾಟಲಿಗಳು ಮಂಜಿನಲ್ಲಿ ಸಾಲಾಗಿ ಮಿಂಚುತ್ತಿದ್ದವು. ಬಚ್ಚಲು ತೊಳೆದು ಕನ್ನಡಿಯಂತಿತ್ತು. ಅನೂಪ್ ಬಚ್ಚಲು ತೊಳೆದದ್ದನ್ನು ಮದುವೆಯಾದಾಗಿನಿಂದ ಅವಳು ಕಂಡಿರಲಿಲ್ಲ. ಆದರೆ ಸಂತೋಷದಲ್ಲಿ ಆ ಬಗ್ಗೆ ಯೋಚಿಸಲಿಲ್ಲ.

ಸಂಜೆ ಹಿತ್ತಲಲ್ಲಿ ಮೇಜು ಹಾಕಿದ್ದರು. ಸ್ಪಂದನಾ ಮೊದಲ ಬಾಟಲಿ ತೆಗೆದಳು. ಟಪ್ ಎಂದು ಸಭ್ಯವಾಗಿ ಸದ್ದಾಯಿತು. ತಾನೇ ಒಂದು ಗುಟುಕು ಕುಡಿದು ನೋಡಿದಳು. ಇಷ್ಟು ಚೆನ್ನಾಗಿ ತನ್ನ ಕೈಯಲ್ಲಿ ಆಗಿದೆಯೆಂದು ನಂಬುವುದೇ ಕಷ್ಟವಾಯಿತು. ಎದೆಯುಬ್ಬಿಸಿ ಗ್ರೂಬರ್ ಅವರ ಗ್ಲಾಸು ತುಂಬಿಸಿದಳು.

ಗ್ರೂಬರ್ ಗ್ಲಾಸನ್ನು ಬೆಳಕಿಗೆ ಹಿಡಿದರು, ಮೂಸಿದರು, ಕಣ್ಣು ಮುಚ್ಚಿ ಕುಡಿದರು. ಆಮೇಲೆ ತಪ್ಪುಗಳನ್ನು ಎಣಿಸತೊಡಗಿದರು. ನೊರೆ ನಿಲ್ಲುತ್ತಿಲ್ಲ. ಮಾಲ್ಟು, ಅಂದರೆ ಬಿಯರಿನ ಮೊಳಕೆ ಬಾರ್ಲಿ, ಸೀದಿದೆ. ಯೀಸ್ಟು ಮುದಿಯಾಗಿದೆ. ನುಂಗಿದ ಮೇಲೆ ಒದ್ದೆ ರಟ್ಟಿನ ವಾಸನೆ ಬರುತ್ತಿದೆ. ಇದನ್ನು ಕುಡಿಯಬಹುದು, ಆದರೆ ಬಿಯರು ಎಂದು ಕರೆಯಲಾಗದು.

ಸ್ಪಂದನಾ ಒಂದೂ ಒಪ್ಪಲಿಲ್ಲ. ನೊರೆ ನೋಡಲು ಬಂದಿರೋ ಬಿಯರು ಕುಡಿಯಲು ಬಂದಿರೋ ಎಂದು ಕೇಳಿದಳು. ಮಾಲ್ಟು ಸೀದಿಲ್ಲ, ನಿಮ್ಮ ನಾಲಿಗೆ ಸೀದಿದೆ ಎಂದಳು. ಇದಕ್ಕಿಂತ ಒಳ್ಳೆಯ ಬಿಯರು ಈ ಊರಿನಲ್ಲೇ ಸಿಗದು ಎಂದು ಅವಳು ಹೇಳುತ್ತಿರುವಾಗ ಅನೂಪ್ ತೋಳು ಹಿಡಿದು ಜಗ್ಗಿ, ಸೈಕಲ್ಲುಗಳನ್ನು ನಿಲ್ಲಿಸುವ ಮೂಲೆಗೆ ಕರೆದೊಯ್ದ.

"ಅಷ್ಟೊಂದು ಜಗಳ ಆಡ್ಬೇಡ ಕಣೇ. ಅದು ನಿನ್ನ ಬಿಯರಲ್ಲ."

ಅವನು ತಗ್ಗಿದ ದನಿಯಲ್ಲಿ ಹೇಳಿಕೊಂಡ. ಒಂದನ್ನು ತೆರೆದದ್ದೇ ತಡ ಅದು ಉಕ್ಕಿತು, ಗಾಬರಿಯಲ್ಲಿ ಇನ್ನೊಂದು, ಹೀಗೆ ಅರ್ಧ ಬಿಯರು ಬಚ್ಚಲಿಗೆ ಹೋಯಿತು. ಗ್ಯಾಸಿಲ್ಲದ ಉಳಿದರ್ಧದ ರುಚಿ ನೋಡಿದ. ಹಳೆಯ ಮಜ್ಜಿಗೆಯಂತೆ ಹುಳಿಯಾಗಿತ್ತು. ಅದನ್ನೂ ಚೆಲ್ಲಿ, ಅಂಗಡಿಗೆ ಓಡಿ, ತಂದ ಬಿಯರನ್ನು ಅವಳ ಬಾಟಲಿಗಳಿಗೆ ಸುರಿದಿಟ್ಟ.

"ಯಾವ ಬಿಯರು ತಂದೆ?"

"ಗ್ರೂಬರ್ ದಿನಾ ಕುಡಿಯೋದೇ. ಅದಾದ್ರೆ ಅವರು ಬಯ್ಯಲ್ಲ ಅಂದ್ಕೊಂಡೆ."

ಮೊದಲು ಅವಳಿಗೆ ಅವನ ಕತ್ತು ಹಿಸುಕಬೇಕೆನ್ನಿಸಿತು. ಮರುಕ್ಷಣವೇ ಮುಖ ಅರಳಿತು. ಸಿಕ್ಕಿಬಿದ್ದರಲ್ಲ ಮೇಷ್ಟ್ರು. ಸರಸರನೆ ಮೇಜಿನತ್ತ ನಡೆದಳು, ಎಲ್ಲರೆದುರು ಹೇಳಲು ಬಾಯಿ ತೆರೆದಳು, ಹಾಗೇ ನಿಂತಳು. ಹೇಳಿದರೆ ಗ್ರೂಬರ್ ಮುಖ ಸಣ್ಣದಾಗುವುದು ನಿಜ. ಅದರ ಜೊತೆಗೆ ತನ್ನ ಬಿಯರು ಬಚ್ಚಲ ಪಾಲಾದದ್ದೂ, ಅಂಗಡಿಯದನ್ನು ತನ್ನದೆಂದು ಬಿಲ್ಡಿಂಗಿಗೆಲ್ಲ ಕುಡಿಸಿದ್ದೂ ಹೊರಬೀಳುತ್ತದೆ. ಅವಳು ಬಾಯಿ ಮುಚ್ಚಿಕೊಂಡಳು.

ಅದನ್ನು ಕಂಡು ಗ್ರೂಬರ್ ಕರಗಿದರು. ಪಾಪ, ಹುಡುಗಿಗೆ ತೀರಾ ಅಂದುಬಿಟ್ಟೆ ಎಂದುಕೊಂಡರೇನೋ, ಮನೆಗೆ ಹೋಗಿ ತಮ್ಮ ಫ್ರಿಜ್ಜಿನಿಂದ ಒಂದು ಬಾಟಲಿ ತಂದರು. ಎರಡು ಗ್ಲಾಸುಗಳನ್ನು ಜೊತೆಯಲ್ಲಿಟ್ಟು, ಒಂದಕ್ಕೆ ಅವಳದನ್ನು, ಇನ್ನೊಂದಕ್ಕೆ ತಮ್ಮದನ್ನು ಸುರಿದರು. ಬಯ್ಯುವುದು ನನ್ನ ಉದ್ದೇಶವಲ್ಲ, ನಿಜವಾದ ಬಿಯರು ಹೇಗಿರುತ್ತದೆಂದು ನೀವೇ ಕುಡಿದು ವ್ಯತ್ಯಾಸ ಹೇಳಿ ಎಂದರು.

ಹಿತ್ತಲೆಲ್ಲ ಅವಳನ್ನೇ ನೋಡುತ್ತಿತ್ತು. ಅನೂಪ್ ನೆಲ ನೋಡುತ್ತಿದ್ದ. ವ್ಯತ್ಯಾಸ ಇದೆ ಎಂದುಬಿಟ್ಟರೆ ಗ್ರೂಬರ್ ಬೆನ್ನು ತಟ್ಟುತ್ತಿದ್ದರು, ಸಂಜೆ ಹಾಯಾಗಿ ಮುಗಿಯುತ್ತಿತ್ತು. ಸ್ಪಂದನಾ ಒಂದನ್ನು ಕುಡಿದಳು, ಇನ್ನೊಂದನ್ನು ಕುಡಿದಳು, ಎರಡು ಗ್ಲಾಸನ್ನೂ ಮೇಜಿನ ಮೇಲೆ ಕುಕ್ಕಿದಳು.

"ಎರಡೂ ಒಂದೇ."

ಹಿತ್ತಲಿಗೆ ಹಿತ್ತಲೇ ನಕ್ಕಿತು. ಫ್ರಾವ್ ಲಿಂಡ್ನರ್ ಕಣ್ಣೊರೆಸಿಕೊಂಡರು. ಗ್ರೂಬರ್ ಒಬ್ಬರೇ ನಗಲಿಲ್ಲ. ನಾಲಿಗೆ ಪಳಗದಿರುವುದು ಅಪರಾಧವಲ್ಲ ಎಂದು ಮೃದುವಾಗಿ ಹೇಳಿದರು. ಇನ್ನು ಮೇಲೆ ಶನಿವಾರಗಳಂದು ತಮ್ಮ ಮನೆಗೆ ಬರಬೇಕು, ಬಿಯರು ಮಾಡುವುದನ್ನೂ ಕುಡಿಯುವುದನ್ನೂ ಮೊದಲಿನಿಂದ ಕಲಿಸುವುದಾಗಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಎರಡೂ ಒಂದೇ, ಹೆರ್ ಗ್ರೂಬರ್" ಎಂದಳು ಸ್ಪಂದನಾ, ಈ ಸಲ ಇನ್ನೂ ಗಟ್ಟಿಯಾಗಿ.

ಗ್ರೂಬರ್ ಮರುಕದಿಂದ ತಲೆಯಾಡಿಸಿದರು. ಹಾಗಿದ್ದರೆ ಶನಿವಾರ ಮಾತ್ರ ಸಾಲದು, ಭಾನುವಾರವೂ ಬೇಕಾಗುತ್ತದೆ ಎಂದರು.