ಶಿಖರ, ತರಂಗ ಮತ್ತು ತಲೆಯಾಡಿಸುವ ಸಂಸಾರ

ಎರಡು ವಾಹನಗಳಲ್ಲಿ ಯಾವುದು ಹೆಚ್ಚು ಸುರಕ್ಷಿತವೆಂದು ತೀರ್ಮಾನವಾಗುವವರೆಗೆ ಎರಡರಲ್ಲೂ ಡ್ರೈವರನ ಹೊರತು ಮನುಷ್ಯರು ಕೂರತಕ್ಕದ್ದಲ್ಲ. ಇದು ಕೈಲಾಂಚ ಹೋಬಳಿ ಕುಟುಂಬ ವಾಹನ ಸುರಕ್ಷತಾ ತುಲನಾ ಸಮಿತಿಯ ಮೊದಲನೆಯ ನಿಯಮ. ನಾನು ಆ ಸಮಿತಿಯ ಗುಮಾಸ್ತ. ನಿಯಮವನ್ನು ದುಂಡಗೆ ಬರೆದವನು ನಾನೇ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ರಾಮನಗರ ಜಿಲ್ಲೆಯಾದ ಮರುವರ್ಷ ಎರಡು ಕಂಪನಿಗಳು ಹೋಬಳಿಯ ಬಸುರಿ ಬಾಣಂತಿಯರ ಓಡಾಟಕ್ಕೆಂದು ಒಂದೊಂದು ಕಾರು ದಾನ ಕೊಟ್ಟವು. ಒಂದರ ಹೆಸರು ಶಿಖರ, ಇನ್ನೊಂದರದು ತರಂಗ. ಎರಡೂ ಮಧ್ಯಮ ಗಾತ್ರದ, ಎತ್ತರ ನಿಲುವಿನ, ಸಂಸಾರಸ್ಥ ಕಾರುಗಳು. ತಮ್ಮದೇ ಹೆಚ್ಚು ಸುರಕ್ಷಿತವೆಂದು ಇಬ್ಬರೂ ಬರೆದುಕೊಟ್ಟಿದ್ದರಿಂದ, ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕೆಂಬ ಅನುಮಾನ ಬಂದು ಸಮಿತಿ ಹುಟ್ಟಿತು. ಅಧ್ಯಕ್ಷರು ಬೋರಲಿಂಗಯ್ಯನವರು. ಅವರಿಗೆ ಕಾರು ಓಡಿಸಲು ಬಾರದು. ಹಾಗಾಗಿ ಪಕ್ಷಪಾತದ ಪ್ರಶ್ನೆಯೇ ಇರಲಿಲ್ಲ.

ಕಾರುಗಳು ಬೇವಿನ ಮರದಡಿ ಐದು ತಿಂಗಳು ನಿಂತವು. ನರ್ಸ್ ನಾಗಲಕ್ಷ್ಮಮ್ಮ ವಾರಕ್ಕೊಮ್ಮೆ ಬಂದು ಜಗಳವಾಡುತ್ತಿದ್ದರು.

“ನನ್ ಮಗಳು ಭಾನುಪ್ರಿಯಂಗೂ ದಿನ ತುಂಬ್ತಾ ಐತೆ ಸಾರ್. ಮಗು ಅಡ್ಡ ಮಲಗೈತೆ, ರಾಮನಗರದ ಆಸ್ಪತ್ರೆಗೇ ಹೋಗ್ಬೇಕು. ಯಾವ್ದೋ ಒಂದು ಕಾರು ಕಳಿಸ್ಬುಡಿ.”

“ತುಲನೆ ಮುಗೀಲಿ ಕಣಮ್ಮ. ಅಲ್ಲೀಗಂಟ ಮಗೂಗೆ ಒಸಿ ತಡ್ಕೊಳಕ್ಕೆ ಹೇಳು,” ಎನ್ನುತ್ತಿದ್ದರು ಅಧ್ಯಕ್ಷರು.

ಹೊರದೇಶಗಳಲ್ಲಿ ಗೊಂಬೆಗಳನ್ನು ಕೂರಿಸಿ ಕಾರು ಗುದ್ದಿಸುತ್ತಾರೆಂದು ಅಧ್ಯಕ್ಷರು ಪೇಪರಿನಲ್ಲಿ ಓದಿದ್ದರು. ಗೊಂಬೆಗೆ ಹೊರದೇಶವೇಕೆ, ಚನ್ನಪಟ್ಟಣ ಪಕ್ಕದಲ್ಲೇ ಇದೆಯಲ್ಲ! ಅಲ್ಲಿಯ ರೋಶನ್ ಬೀಗೆ ಆಳೆತ್ತರದ ಅಪ್ಪ, ಅಮ್ಮ ಮತ್ತು ಎರಡು ಮಕ್ಕಳನ್ನು ಕಡೆದುಕೊಡಲು ಆದೇಶ ಹೋಯಿತು.

“ಇಷ್ಟ್ ದೊಡ್ಡದು ನಾವು ಯಾವತ್ತೂ ಮಾಡಿಲ್ಲ ಸಾಬ್. ಕತ್ತು ಗಟ್ಟಿ ಇಡೋದಾ, ಸ್ಪ್ರಿಂಗ್ ಹಾಕೋದಾ?”

“ಸ್ಪ್ರಿಂಗ್ ಹಾಕಮ್ಮ. ಸಮಿತಿ ಕೇಳಿದ್ದಕ್ಕೆ ಹೂಂ ಅನ್ಬೇಕು,” ಎಂದರು ಅಧ್ಯಕ್ಷರು.

ದಾನದ ವಸ್ತುವಿಗೆ ಗೀರು ಬೀಳಬಾರದೆಂಬ ಮೂರನೆಯ ನಿಯಮದಂತೆ, ಎರಡೂ ಕಾರುಗಳನ್ನು ರಾಗಿಹುಲ್ಲಿನ ಮೆದೆಗೆ ಎತ್ತಿನ ನಡಿಗೆಯಲ್ಲಿ ಗುದ್ದಿಸಲಾಯಿತು. ಬಳಿಕ ಗೊಂಬೆಗಳ ಹೇಳಿಕೆ ಪಡೆದೆವು. ಸುಖವಾಗಿತ್ತೇ ಎಂದು ಕೇಳಿದರೆ ನಾಲ್ಕೂ ತಲೆಯಾಡಿಸಿದವು. ಪೆಟ್ಟಾಯಿತೇ ಎಂದಾಗಲೂ ತಲೆಯಾಡಿಸಿದವು. ಫಲಿತಾಂಶ ಸಮಸಮ.

ಆಗ ದೂರಪ್ರಯಾಣದ ಪರೀಕ್ಷೆ ನಿಗದಿಯಾಯಿತು. ಸೋಮವಾರ ತರಂಗದಲ್ಲಿ, ಗುರುವಾರ ಶಿಖರದಲ್ಲಿ ಗೊಂಬೆಗಳು ರಾಮನಗರಕ್ಕೆ ಹೋಗಿ ಬರಬೇಕು. ಪೆಟ್ಟಾದರೆ ಚಿಕಿತ್ಸೆಗೆ ಅನುಕೂಲವಾಗಲೆಂದು ಆಸ್ಪತ್ರೆಯ ಬಾಗಿಲವರೆಗೂ ಹೋಗಬೇಕು. ಸೋಮವಾರ ತರಂಗ ನಾಲ್ಕು ಗೊಂಬೆ ಒಯ್ದು ನಾಲ್ಕನ್ನೂ ತಂದಿತು.

ಗುರುವಾರ ಬೆಳಿಗ್ಗೆ ಬಸ್ಸು ಹೋದ ಮೇಲೆ ಭಾನುಪ್ರಿಯಳಿಗೆ ನೋವು ಶುರುವಾಯಿತು. ನಾಗಲಕ್ಷ್ಮಮ್ಮ ಅವಳನ್ನು ನೇರ ಬೇವಿನ ಮರದಡಿಗೇ ಕರೆತಂದರು. ಅಧ್ಯಕ್ಷರಿನ್ನೂ ಬಂದಿರಲಿಲ್ಲ. ಗೊಂಬೆಗಳ ಬಣ್ಣ ತಿದ್ದಲು ಬಂದಿದ್ದ ರೋಶನ್ ಬೀ ಹುಡುಗಿಯ ಮುಖ ನೋಡಿದಳು, ನಿಯಮದ ಫಲಕ ನೋಡಿದಳು.

“ಅರಗಿನ ಬಣ್ಣ ಮೈಗೆ ಹತ್ತಲ್ಲ. ಅರಿಶಿನ, ಕುಂಕುಮ, ಕಾಡಿಗೆ ತನ್ನಿ, ಜಲ್ದಿ!”

ಹತ್ತು ನಿಮಿಷದಲ್ಲಿ ಅಮ್ಮಗೊಂಬೆಯ ಜಾಗದಲ್ಲಿ ಭಾನುಪ್ರಿಯ ಕೂತಿದ್ದಳು, ಹಳದಿ ಮುಖ, ಕೆಂಪು ಕೆನ್ನೆ. ಅಪ್ಪಗೊಂಬೆಯ ಜಾಗದಲ್ಲಿ ನಾಗಲಕ್ಷ್ಮಮ್ಮನೇ ಹುರಿಮೀಸೆ ಬರೆಸಿಕೊಂಡು, ಅಪ್ಪಗೊಂಬೆಯ ಪೇಟ ಇಟ್ಟುಕೊಂಡು ಕೂತರು. ಮರದ ಮಕ್ಕಳು ಹಿಂದಿನ ಸೀಟಿನಲ್ಲಿ ಇದ್ದಲ್ಲೇ ಇದ್ದವು. ನಾನು ಎಲ್ಲವನ್ನೂ ನೋಡಿದೆ. ಆದರೆ ನೋಡಿದ್ದನ್ನು ವರದಿ ಮಾಡಬೇಕೆಂಬ ನಿಯಮವನ್ನು ನಾನಿನ್ನೂ ಬರೆದಿರಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷರು ಬಂದು ಕಾರಿನೊಳಗೆ ಇಣುಕಿದರು.

“ಏನ್ಲಾ ನಟರಾಜು, ಈ ಗೊಂಬೆ ನರಳ್ತಾ ಐತಲ್ಲ?”

“ಹಸಿ ಮರ ಸಾರ್,” ಎಂದ ಡ್ರೈವರ್ ನಟರಾಜು. “ಬಿಸಿಲೇರಿದಂಗೆ ಕಿರುಗುಟ್ತದೆ.”

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, “ಸಮಿತಿಯ ಕಾರ್ಯವೈಖರಿ ತೃಪ್ತಿಕರವಾಗಿದೆಯೇ?” ಎಂದು ಕೇಳಿದರು. ಭಾನುಪ್ರಿಯ ಹಲ್ಲು ಕಚ್ಚಿ ತಲೆಯಾಡಿಸಿದಳು. ಮೀಸೆಯ ಗೊಂಬೆ ಇನ್ನೂ ಜೋರಾಗಿ ಆಡಿಸಿತು. ಅಧ್ಯಕ್ಷರು ಸಂತೋಷದಿಂದ ರುಜು ಹಾಕಿದರು. ಕಾರು ಧೂಳೆಬ್ಬಿಸಿಕೊಂಡು ಹೊರಟಾಗ ನನಗೆ ಕಣ್ಣಲ್ಲಿ ನೀರು ಬಂತು. ಧೂಳಿನಿಂದಲ್ಲ.

ಶಿಖರ ಮರಳಿದ್ದು ಮರುವಾರ. ಲಾಗ್ ಪುಸ್ತಕದಲ್ಲಿ ನಾನೇ ಬರೆದೆ: ‘ಹೋದ ಗೊಂಬೆಗಳು ನಾಲ್ಕು. ಬಂದವು ಐದು.’

ಸಮಿತಿ ತುರ್ತುಸಭೆ ಸೇರಿ ಅಂತಿಮ ತೀರ್ಪು ಕೊಟ್ಟಿತು. ತರಂಗದಲ್ಲಿ ಪ್ರಯಾಣಿಕರ ಸಂಖ್ಯೆ ಇದ್ದಷ್ಟೇ ಉಳಿಯುತ್ತದೆ, ಶಿಖರದಲ್ಲಿ ಹೆಚ್ಚುತ್ತದೆ. ಆದ್ದರಿಂದ ಶಿಖರವೇ ಹೆಚ್ಚು ಸುರಕ್ಷಿತ. ತರಂಗದ ಕಂಪನಿಯವರೂ ಚಪ್ಪಾಳೆ ತಟ್ಟಿದರು. ತೀರ್ಪಿನ ನಂತರವೂ ನಿಯಮ ರದ್ದಾಗಲಿಲ್ಲ, ರದ್ದುಮಾಡುವ ನಿಯಮ ಇಲ್ಲದ ಕಾರಣ. ಹೋಬಳಿಯ ಬಸುರಿಯರು ಈಗಲೂ ಕೆನ್ನೆಗೆ ಕುಂಕುಮ ಬಳಿದುಕೊಂಡು, ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತ ಶಿಖರ ಹತ್ತುತ್ತಾರೆ.

ಐದನೆಯ ಗೊಂಬೆಯ ಹೇಳಿಕೆಯನ್ನೂ ಅಂದೇ ಪಡೆಯಲಾಯಿತು. ಸಮಿತಿಯ ಕಾರ್ಯವೈಖರಿ ತೃಪ್ತಿಕರವಾಗಿದೆಯೇ ಎಂದು ಅಧ್ಯಕ್ಷರು ಬಗ್ಗಿ ಕೇಳಿದರು. ಅದು ತಲೆಯಾಡಿಸಲಿಲ್ಲ. ಊರೆಲ್ಲ ಕೇಳುವಂತೆ ಕಿರುಚಿ, ಅವರ ಬಿಳಿ ಅಂಗಿಯನ್ನು ಒದ್ದೆ ಮಾಡಿತು. ‘ತಯಾರಿಕೆಯಲ್ಲಿ ದೋಷ’ ಎಂದು ಷರಾ ಬರೆದು, ದುರಸ್ತಿಗಾಗಿ ಅದನ್ನು ತಾಯಿಯ ಮಡಿಲಿಗೆ ಒಪ್ಪಿಸಿದೆ.